ನಾಲ್ಕನೇ ಮೇಕೆ

ಟೇಕಲ್ಲಿನ ಬಂಡೆಗಳ ನಡುವೆ ಮೇಕೆ ಎಣಿಸುವುದನ್ನು
ನನಗೆ ಕಲಿಸಿದವನು ಕದಿರಪ್ಪ, ನಮ್ಮಪ್ಪನ ಅಣ್ಣ.
ಇಚಿ, ನಿ, ಸಾನ್,
ಒಂದು ಉಸಿರಿನಷ್ಟು ತಡೆದು,
ಗೋ, ರೊಕು, ಶಿಚಿ.
ಮನೆಯೊಳಗೆ ನಮ್ಮದು ತೆಲುಗು, ಸಂತೆಯಲ್ಲಿ ಕನ್ನಡ,
ಇದು ಯಾವೂರ ಮಾತು ಅಂದರೆ
"ಹೊಟ್ಟೆಗಿಲ್ಲದ ಊರಿನದು" ಅನ್ನುತ್ತಿದ್ದ.

ಕಲ್ಲು ಒಡೆಯುವವರು ನಾವು.
ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿಗೊಟ್ಟರೆ
ಎಲ್ಲಿ ಬಿರುಕು ಬಿಡುತ್ತೇನೆಂದು ಬಂಡೆಯೇ ಹೇಳುತ್ತದೆ.
ಆ ಕಿವಿ ಕಂಡು ಪಲ್ಟನ್ನಿನವರು ಬೆಂಗಳೂರಿಗೆ ಕರೆದೊಯ್ದು
ಸುರಂಗದ ಸಿಪಾಯಿ ಮಾಡಿದರು.
ಸಿಂಗಾಪುರ ಬಿದ್ದಾಗ ಅವನೂ ಸಿಕ್ಕಿಬಿದ್ದ.
ಹಡಗಿನ ಹೊಟ್ಟೆಯಲ್ಲಿ ಎಷ್ಟು ದಿನವೋ,
ಕೊನೆಗೆ ಬೆಟ್ಟವೇ ಹೊಗೆಯುಗುಳುವ ದ್ವೀಪ,
ಮುಳ್ಳುತಂತಿ, ಮತ್ತೆ ಅದೇ ಕೆಲಸ:
ಕೊರೆ.
"ಅಲ್ಲಿಯದು ಕಲ್ಲೇ ಅಲ್ಲ ಕಣೋ, ಗಟ್ಟಿಯಾದ ಬೂದಿ.
ತಟ್ಟಿದರೆ ಮಾತಾಡೋದಿಲ್ಲ."
ಆ ಮೂರು ವರ್ಷದ ಬಗ್ಗೆ
ಅವನು ಹೇಳಿದ ದೂರು ಇದೊಂದೇ.

ಅವನಿಗೆ ಎಡೆ ಇಟ್ಟು ಮುಗಿಸಿದ್ದೆವು.
ಅವರೆ ಸುಗ್ಗಿಯಲ್ಲಿ ರೈಲಿಳಿದು ಬಂದ, ಬರೀ ಮೂಳೆ.
ಅಜ್ಜಿ ಗಂಗುಲಮ್ಮ ಗುರುತು ಹಿಡಿದದ್ದು ಮುಖದಿಂದಲ್ಲ,
ಹರಿದ ಎಡಗಿವಿಯಿಂದ.
ಹಿತಕಿದ ಬೇಳೆಯ ಸಾರು ಬಡಿಸಿದರೆ
ಅತ್ತ ಸರಿಸಿ, ಮೊರದಲ್ಲಿದ್ದ ಸಿಪ್ಪೆಯನ್ನು ಬಾಚಿ
ಒಂದೂ ಬಿಡದೆ ತಿಂದ.
ಯಾರೂ ಏನೂ ಅನ್ನಲಿಲ್ಲ.
ಅಂಗಿ ಜೇಬಿನಲ್ಲಿ ದಿನಾ ಅರ್ಧ ಮುದ್ದೆ.
ಇರುವೆಗಳು ಅವನ ಹಿಂದೆಯೇ ಇರುತ್ತಿದ್ದವು.

ಸೂರಿನಡಿ ನಿದ್ದೆ ಬರುತ್ತಿರಲಿಲ್ಲ ಅವನಿಗೆ.
ಹಗಲ ಬಿಸಿ ಉಳಿದ ಬಂಡೆಯ ಮೇಲೆ
ನಾವಿಬ್ಬರೂ ಮಲಗುತ್ತಿದ್ದೆವು.
"ನಾಲ್ಕು ಎಲ್ಲಿ ದೊಡ್ಡಪ್ಪ?" ಅಂದೆ ಒಂದು ರಾತ್ರಿ.
ಬಂಗಾರಪೇಟೆ ಕಡೆಯ ಗಾಡಿ ಹಾದುಹೋಗುವವರೆಗೂ ಸುಮ್ಮನಿದ್ದ.
"ಮುಳಬಾಗಿಲಿನ ಬಳೆಗಾರರ ಹುಡುಗ, ಖುದ್ದೂಸ್ ಅಂತ.
ಬೆಳಿಗ್ಗೆ ಸಾಲಲ್ಲಿ ನಿಂತು ಎಣಿಕೆ ಕೂಗಬೇಕು.
ಅವನು ನಾಲ್ಕು, ನಾನು ಐದು.
ಒಂದಿನ ಮೂರು ಕೇಳಿಸಿತು.
ಕಾದೆ.
ಆಮೇಲೆ ಗೋ ಅಂದೆ."

ನಮ್ಮ ಮೇಕೆ ಹನ್ನೊಂದು.
ಅವನ ಎಣಿಕೆಗೆ ಯಾವಾಗಲೂ ಹನ್ನೆರಡು.

ರಜೆ ಮುಗಿಯಿತು. ಇನ್ನೆರಡು ಸಲ ಬಂದ, ಹೋದ.
ಆ ಕೊನೆಯ ಸಲ ಅಜ್ಜಿ ಬಾಗಿಲಿಗೆ ಅಡ್ಡ ಕೂತಳು:
"ಒಂದು ಸಲ ಸತ್ತು ಬಂದಿದ್ದೀಯ, ಸಾಲದಾ?"
ಬೂಟಿಗೆ ಎಣ್ಣೆ ಉಜ್ಜುತ್ತಾ ಅಂದ:
"ಕಾಶ್ಮೀರದಲ್ಲಿ ಕಲ್ಲಿದೆಯಂತೆ ಅವ್ವಾ, ನಿಜವಾದ ಕಲ್ಲು."

ತಂತಿ ಇಂಗ್ಲೀಷಿನಲ್ಲಿತ್ತು, ಎರಡೇ ಸಾಲು.
ಸ್ಟೇಷನ್ ಮಾಸ್ತರರಿಗೆ ಮೊದಲನೆಯದಕ್ಕೆ ಕನ್ನಡ ಸಿಕ್ಕಿತು,
ಎರಡನೆಯದಕ್ಕೆ ಸಿಗಲಿಲ್ಲ, ಟೋಪಿ ತೆಗೆದರು.
ರಸ್ತೆಯಲ್ಲಿ ಹೂತಿಟ್ಟ ಮದ್ದು ಕೀಳುವಾಗ ಅಂತ
ಆಮೇಲೆ ಯಾರೋ ಜೊತೆಯವರು ಕಾಗದ ಬರೆದರು.
ನೆಲಕ್ಕೆ ಕಿವಿಗೊಟ್ಟಿದ್ದನೋ ಏನೋ.
ಎಡೆ ಇಡೋಣವೆಂದರೆ ಅಜ್ಜಿ ಒಲೆ ಹಚ್ಚಲಿಲ್ಲ:
"ಒಬ್ಬನಿಗೆ ಎರಡು ಸಲ ಇಡೋದಿಲ್ಲ."

ನರಸಾಪುರದಲ್ಲಿ ಈಗ ಕಾರ್ಖಾನೆಗಳು.
ಮೊನ್ನೆ ಮೊಮ್ಮಗಳ ಎಳನೀರಿನ ಗಾಡಿಯ ಬಳಿ
ಜಪಾನಿನ ಹುಡುಗನೊಬ್ಬ ಬೆವರೊರೆಸುತ್ತ ನಿಂತಿದ್ದ.
ಎಳನೀರನ್ನು ಅವನೆದುರು ಎಣಿಸಿಕೊಟ್ಟೆ:
ಇಚಿ, ನಿ, ಸಾನ್, ಗೋ.
ಅವನು ನಕ್ಕ, ಬೆರಳು ಮಡಚಿ ತಿದ್ದಿದ:
ಶಿ. ಸಾನ್ ಆದ ಮೇಲೆ ಶಿ, ತಾತಾ.

ಎಂಬತ್ತೇಳಾಯಿತು ನನಗೆ, ಆ ಸದ್ದು ಕೇಳಿದ್ದು ಇದೇ ಮೊದಲು.
ಸಂಜೆ ಕೋಲೂರಿ ಬಂಡೆ ಹತ್ತಿ
ಪಕ್ಕದ ಮನೆಯವರ ಮಂದೆಯನ್ನು
ಆ ಹುಡುಗ ಹೇಳಿಕೊಟ್ಟಂತೆ, ಸರಿಯಾಗಿ, ಪೂರ್ತಿ ಎಣಿಸಿದೆ.

ಒಂದು ಕಡಿಮೆ ಬಂತು.

ಮತ್ತೆ ಮೊದಲಿಂದ ಶುರುಮಾಡಿದೆ,
ಸಾನ್ ಅಂದು
ತಡೆದು,
ದಾರಿ ಬಿಟ್ಟು.